ಮೀನು ಕಚ್ಚುತ್ತಿಲ್ಲವಾ? ಆಳವಿಲ್ಲದ ಕೆರೆಯಲ್ಲಿ ವಾಲ್‌ಐ, ಪರ್ಚ್ ಹಿಡಿಯುವವರಿಗೆ ದೋಷ ನಿವಾರಣೆ ಕೈಪಿಡಿ

ಅಮೆರಿಕದ ಮಿನೆಸೋಟಾ ರಾಜ್ಯದ ದಕ್ಷಿಣ ಭಾಗದ ಸಣ್ಣ ಕೆರೆಗಳನ್ನು ಮೊದಲ ಸಲ ನೋಡಿದಾಗ ನನಗೆ ಮದ್ದೂರು ಕಡೆಯ ಕೆರೆಗಳೇ ನೆನಪಾದವು. ಸುತ್ತ ಹೊಲ, ಅಂಚಿಗೆ ಜೊಂಡು, ತಳದಲ್ಲಿ ಹೂಳು, ಆಗಸ್ಟ್ ಬಂದರೆ ಮೇಲೆಲ್ಲ ಹಸಿರು ಪಾಚಿ. ಏರಿ, ತೂಬು, ಕೋಡಿ ಮಾತ್ರ ಇಲ್ಲ. ಇವು ಯಾರೋ ಕಟ್ಟಿಸಿದ ಕೆರೆಗಳಲ್ಲ. ಹಿಮಯುಗದ ಹಿಮರಾಶಿ ಕರಗಿ ಹೋದಾಗ ಉಳಿದ ತಗ್ಗುಗಳು.

ನೋಡಿದ ನೀರಿನ ಹಾಗೇ ಇದೆಯಲ್ಲ, ಮೀನು ಹಿಡಿಯೋದೇನು ಮಹಾ ಅಂದುಕೊಂಡೆ. ಒಂದು ಇಡೀ ಬೇಸಿಗೆ ಒಂದೇ ಒಂದು ವಾಲ್‌ಐ ಸಿಗಲಿಲ್ಲ. ಆ ಬೇಸಿಗೆಯಲ್ಲಿ ನಾನು ಗಾಳ ಬದಲಾಯಿಸಿದೆ, ದಾರ ಬದಲಾಯಿಸಿದೆ, ಎರೆ, ರಾಡ್, ಕೊನೆಗೆ ಟೋಪಿ ಕೂಡ ಬದಲಾಯಿಸಿದೆ. ಹೋಗುವ ಹೊತ್ತನ್ನು ಮಾತ್ರ ಬದಲಾಯಿಸಲಿಲ್ಲ. ದೋಷ ಇದ್ದದ್ದು ಅಲ್ಲೇ.

ಅದಕ್ಕೇ ಈಗ ನಾನು ಮೀನು ಸಿಗದ ದಿನ ಎರೆ ಡಬ್ಬಕ್ಕೆ ಕೈ ಹಾಕುವುದು ಕೊನೆಗೆ. ಮೊದಲು ಕೆರೆ, ಆಮೇಲೆ ಹೊತ್ತು, ಆಮೇಲೆ ಜಾಗ, ಆಮೇಲೆ ಆಳ. ಇವೆಲ್ಲ ಸರಿ ಇದ್ದರೆ ಮಾತ್ರ ಗಾಳ, ದಾರ, ಎರೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಮೂರನ್ನು ಒಟ್ಟಿಗೆ ಬದಲಾಯಿಸಿ ಮೀನು ಸಿಕ್ಕಿದರೆ ಯಾವುದರಿಂದ ಸಿಕ್ಕಿತು ಅಂತ ಗೊತ್ತಾಗುವುದಿಲ್ಲ, ಮುಂದಿನ ವಾರ ಮತ್ತೆ ಅದೇ ಗೋಳು.

ಹೊಸಬರಿಗೆ ಎರಡು ಮಾತು. ಪರ್ಚ್ ಅಂದರೆ ಹಳದಿ ಮೈ, ಅದರ ಮೇಲೆ ಮೇಲಿನಿಂದ ಕೆಳಕ್ಕೆ ಕಪ್ಪು ಪಟ್ಟೆ, ಕಿತ್ತಳೆ ಬಣ್ಣದ ರೆಕ್ಕೆ. ಅಂಗೈಯಗಲದ್ದು ಸಿಕ್ಕಿದರೆ ಖುಷಿ. ವಾಲ್‌ಐ ಅದರ ದಾಯಾದಿ, ಒಂದೇ ಕುಟುಂಬದ್ದು. ಹಸಿರು ಬೆರೆತ ಚಿನ್ನದ ಬಣ್ಣ, ಬಾಲದ ಕೆಳತುದಿಯಲ್ಲಿ ಬಿಳಿ ಮಚ್ಚೆ, ಬಾಯಲ್ಲಿ ಚೂಪು ಹಲ್ಲು. 1965ರಿಂದ ಇದು ಮಿನೆಸೋಟಾದ ರಾಜ್ಯ ಮೀನು. ದಾಯಾದಿ ಅಂದೆನಲ್ಲ, ವಾಲ್‌ಐಗೆ ಅತಿ ಇಷ್ಟದ ಊಟ ಎಂದರೆ ಪರ್ಚ್ ಮರಿ.

ಕೆರೆಯಲ್ಲಿ ಮೀನು ಇದೆಯಾ?

ತಮಾಷೆ ಅಲ್ಲ. ಮನೆಗೆ ಹತ್ತಿರ ಅಂತ ಎರಡನೆಯ ವರ್ಷ ಬೇರೊಂದು ಕೆರೆ ಹಿಡಿದೆ. ಆರು ವಾರಾಂತ್ಯ ಹೋದೆ. ಸಿಕ್ಕಿದ್ದೆಲ್ಲ ಬುಲ್‌ಹೆಡ್, ಮೀಸೆ ಇರುವ ಕಪ್ಪು ಮೀನು. ಊರಿನಿಂದ ಫೋನ್ ಮಾಡಿದ ಭಾಮೈದನ ಹತ್ತಿರ ಗೋಳು ತೋಡಿಕೊಂಡೆ. ಅವನು ನಗಲಿಲ್ಲ. "ಭಾವ, ಕೆರೇಲಿ ಮೀನೈತಾ ಮೊದ್ಲು ನೋಡಿ" ಅಂದ. ನೋಡಿದೆ. ಇರಲಿಲ್ಲ. ಹಿಂದಿನ ಚಳಿಗಾಲದಲ್ಲೇ ಸತ್ತು ಹೋಗಿದ್ದವು.

ನಮ್ಮ ಕಡೆ ಕೆರೆ ಬತ್ತಿದರೆ ಮೀನು ಸಾಯುತ್ತದೆ. ಇಲ್ಲಿ ನೀರು ತುಂಬಿರುವಾಗಲೇ ಸಾಯುತ್ತದೆ. ಕೆರೆ ಹೆಪ್ಪುಗಟ್ಟುತ್ತದೆ, ಮಂಜುಗಡ್ಡೆಯ ಮೇಲೆ ಹಿಮ ಬೀಳುತ್ತದೆ. ಬರೀ ಮಂಜುಗಡ್ಡೆ ಆದರೆ ಬೆಳಕು ಒಳಗೆ ಹೋಗುತ್ತದೆ, ನೀರಿನ ಗಿಡಗಳು ಆಮ್ಲಜನಕ ಬಿಡುತ್ತಿರುತ್ತವೆ. ದಪ್ಪ ಹಿಮ ಕೂತರೆ ಒಳಗೆ ಕತ್ತಲೆ. ಗಿಡ ಸಾಯುತ್ತದೆ, ಕೊಳೆಯುತ್ತದೆ, ಕೊಳೆಯುವಾಗ ಇದ್ದ ಆಮ್ಲಜನಕವೂ ಖರ್ಚಾಗುತ್ತದೆ. ಆಳದ ಕೆರೆಯಲ್ಲಿ ನೀರು ಜಾಸ್ತಿ, ವಸಂತದವರೆಗೆ ದಾಸ್ತಾನು ಸಾಕಾಗುತ್ತದೆ. 8-9 ಅಡಿ ಕೆರೆಯಲ್ಲಿ ಫೆಬ್ರವರಿಗೇ ಮುಗಿದಿರಬಹುದು. ಇಂಥ ಸಾವಿನಲ್ಲಿ ವಾಲ್‌ಐ ಬೇಗ ಹೋಗುತ್ತದೆ. ಪರ್ಚ್ ಸ್ವಲ್ಪ ಗಟ್ಟಿ. ಬುಲ್‌ಹೆಡ್ ಅಂತೂ ಭಂಡ, ಸುಲಭಕ್ಕೆ ಸಾಯುವುದಿಲ್ಲ.

ಪತ್ತೆ ಹಚ್ಚುವುದು ಹೇಗೆ? ಮಂಜು ಕರಗಿದ ವಾರ ಒಂದು ಸುತ್ತು ಹೋಗಿ. ದಡದುದ್ದಕ್ಕೂ ಸತ್ತ ಮೀನು, ಅದರ ಮೇಲೆ ಕಡಲಹಕ್ಕಿಗಳ ಜಾತ್ರೆ ಇದ್ದರೆ ಗೊತ್ತಾಯಿತಲ್ಲ. ಬೇಸಿಗೆಯಲ್ಲಿ ಹೋದವರಿಗೆ ಇನ್ನೊಂದು ದಾರಿ. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಲೇಕ್‌ಫೈಂಡರ್ ಅಂತ ಒಂದು ಸೌಲಭ್ಯ ಇಟ್ಟಿದೆ. ಕೆರೆಯ ಹೆಸರು ಹಾಕಿದರೆ ಆಳ, ಬಲೆ ಹಾಕಿ ಮಾಡಿದ ಸಮೀಕ್ಷೆಯಲ್ಲಿ ಯಾವ ಮೀನು ಎಷ್ಟು ಸಿಕ್ಕಿತು, ಯಾವ ವರ್ಷ ಎಷ್ಟು ಮರಿ ಬಿಟ್ಟರು, ಎಲ್ಲ ಬರುತ್ತದೆ. ಮರಿ ಬಿಟ್ಟ ವರ್ಷ ನೋಡಿ, ಎಣಿಸಿ. ಹೋದ ವರ್ಷ ಬಿಟ್ಟ ಮರಿ ಈ ವರ್ಷ ಬಾಣಲೆಗೆ ಬರುವುದಿಲ್ಲ. ಮೂರ್ನಾಲ್ಕು ವರ್ಷ ಬೇಕು. ಚಳಿಗಾಲದಲ್ಲಿ ನೀರಿಗೆ ಗಾಳಿ ಊದುವ ಯಂತ್ರ ಇರುವ ಕೆರೆ ಆದರೆ ಮೀನು ಉಳಿದಿರುವ ಸಾಧ್ಯತೆ ಜಾಸ್ತಿ.

ಇಲ್ಲಿ ಫೇಲ್ ಆದರೆ ಮುಂದೆ ಓದಬೇಡಿ. ಕೆರೆ ಬದಲಾಯಿಸಿ.

ಹಗಲೆಲ್ಲ ಪರ್ಚ್ ಸಿಗುತ್ತದೆ, ವಾಲ್‌ಐ ಒಂದೂ ಇಲ್ಲ

ಹೆಚ್ಚು ಜನ ಹೇಳುವ ದೂರು ಇದೇ. ಇದರಲ್ಲಿ ದೋಷವೇ ಇಲ್ಲ, ಕೆರೆ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಒಂದೇ ನೀರಲ್ಲಿ ಎರಡು ಪಾಳಿ ನಡೆಯುತ್ತದೆ. ಹಗಲು ಪಾಳಿ ಪರ್ಚ್‌ದು, ಸಂಜೆಯಿಂದ ವಾಲ್‌ಐದು.

ಪರ್ಚ್ ಕಣ್ಣಿಂದ ನೋಡಿ ಮೇಯುವ ಮೀನು. ಬೆಳಕಿರುವವರೆಗೆ ಗುಂಪಿನಲ್ಲಿ ಓಡಾಡುತ್ತದೆ, ಕತ್ತಲಾದರೆ ತಳಕ್ಕೆ ಇಳಿದು ಸುಮ್ನೆ ಕೂರುತ್ತದೆ. ವಾಲ್‌ಐ ಕಣ್ಣಿನ ಹಿಂದೆ ಬೆಕ್ಕಿನ ಕಣ್ಣಲ್ಲಿ ಇರುವಂಥದ್ದೇ ಹೊಳೆಯುವ ಪದರ ಇದೆ. ಟಾರ್ಚ್ ಬಿಟ್ಟರೆ ಹೊಳೆಯುತ್ತದೆ. ಮಬ್ಬು ಬೆಳಕಲ್ಲಿ ಪರ್ಚ್‌ಗೆ ಕಾಣದ್ದು ಇದಕ್ಕೆ ಕಾಣುತ್ತದೆ. ದಾಯಾದಿಗೆ ಕಣ್ಣು ಮಂಜಾಗುವ ಹೊತ್ತಿಗೇ ಸರಿಯಾಗಿ ಇದು ಊಟಕ್ಕೆ ಹೊರಡುತ್ತದೆ. ಅದಕ್ಕೇ ನಡು ಮಧ್ಯಾಹ್ನ, ತಿಳಿ ನೀರು, ಗಾಳಿ ಇಲ್ಲ ಅಂದರೆ ವಾಲ್‌ಐ ಕಳೆಯ ನೆರಳಲ್ಲಿ ಬಿದ್ದಿರುತ್ತದೆ. ಮೂತಿಗೆ ಎರೆ ತಾಗಿಸಿದರೂ ಬೇಡ ಅನ್ನಬಹುದು.

ನಮ್ಮವರಿಗೆ ಇನ್ನೊಂದು ತೊಂದರೆ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ 9ರ ಹೊತ್ತಿಗೆ. ಗಡಿಯಾರ ನೋಡಿ "ಏಳೂವರೆ ಆಯ್ತು, ಊಟಕ್ಕೆ ಹೊರಡೋಣ" ಅಂತೀವಿ. ಮಕ್ಕಳಿಗೆ ನಿದ್ದೆ, ಸೊಳ್ಳೆ ಬೇರೆ. ಕಾರು ರಿವರ್ಸ್ ತೆಗೆಯುವ ಹೊತ್ತಿಗೆ ಎದುರಿನಿಂದ ಲೋಕಲ್ ಮುದುಕರು ಬಕೆಟ್ ಹಿಡಿದುಕೊಂಡು ಬರುತ್ತಿರುತ್ತಾರೆ. ನಾನು ಇದನ್ನು ಒಂದು ಇಡೀ ಬೇಸಿಗೆ ನೋಡಿದೆ, ಕೈ ಬೀಸಿ ನಮಸ್ಕಾರ ಕೂಡ ಹೇಳಿದೆ, ಆದರೂ ತಲೆಗೆ ಹೋಗಲಿಲ್ಲ.

ಪರೀಕ್ಷೆ ಸುಲಭ. ಪರ್ಚ್ ಕಚ್ಚುತ್ತಿರುವ ಜಾಗದಲ್ಲೇ ಸಂಜೆಯವರೆಗೆ ಕೂತಿರಿ. ಟಕ ಟಕ ಕಚ್ಚುತ್ತಿದ್ದದ್ದು ಒಂದು ಹೊತ್ತಿಗೆ ತಟ್ಟನೆ ನಿಲ್ಲುತ್ತದೆ. ಆಗ ಎದ್ದು ಹೋಗಬೇಡಿ. ಅದು ಪಾಳಿ ಬದಲಾಗುವ ಗಂಟೆ. ಎರೆಹುಳು ತೆಗೆದು ಜೀವಂತ ಮಿನೋ (ಎರೆಗೆ ಬಳಸುವ ಸಣ್ಣ ಮೀನು) ಅಥವಾ ಜಿಗಣೆ ಸಿಕ್ಕಿಸಿ, ಮುಂದಿನ ಒಂದು ಗಂಟೆ ನಿಮ್ಮದು.

ಹೊತ್ತು ಸರಿ, ಆದರೂ ಇಲ್ಲ

ಹಾಗಾದರೆ ಜಾಗ ತಪ್ಪು. ಆಳದ ಕೆರೆಯವರು ಗುಂಡಿ ಹುಡುಕುತ್ತಾರೆ. ಇಲ್ಲಿ ಗುಂಡಿಯೇ ಇಲ್ಲ, ತಟ್ಟೆಯ ಹಾಗೆ ಸಪಾಟು ತಳ. ಇಲ್ಲಿ ಹುಡುಕಬೇಕಾದ್ದು ಎರಡು, ಗಾಳಿ ಹೊಡೆಯುವ ದಡ ಮತ್ತು ಕಳೆಯ ಅಂಚು.

ಗಾಳಿ ಬೀಸಿದಾಗ ನಮಗೆ ಬೆನ್ನಿಗೆ ಗಾಳಿ ಇರುವ ದಡ ಹಿತ. ದಾರ ದೂರ ಹೋಗುತ್ತದೆ, ಅಲೆ ಇಲ್ಲ, ಬೆಂಡು ನೆಟ್ಟಗೆ ನಿಲ್ಲುತ್ತದೆ. ಮೀನು ಇರುವುದು ಎದುರು ದಡದಲ್ಲಿ. ಅಲೆ ಅಲ್ಲಿ ಹೂಳು ಕದಡುತ್ತದೆ, ನೀರು ರಾಡಿಯಾಗಿ ಬೆಳಕು ಕಡಿಮೆಯಾಗುತ್ತದೆ, ತೇಲುವ ಸಣ್ಣ ಜೀವಿಗಳೆಲ್ಲ ಅಲ್ಲಿ ಬಂದು ಸೇರುತ್ತವೆ. ಅದನ್ನು ತಿನ್ನಲು ಮರಿಮೀನು, ಮರಿಮೀನು ತಿನ್ನಲು ವಾಲ್‌ಐ. ಹಗಲಲ್ಲೂ ವಾಲ್‌ಐ ಸಿಗುವ ದಿನ ಅಂದರೆ ಮುಖಕ್ಕೆ ನೀರು ಎರಚುವಂಥ ಗಾಳಿಯ ದಿನವೇ. ಎರಡು ದಿನ ಒಂದೇ ದಿಕ್ಕಿನ ಗಾಳಿ ಬೀಸಿದ್ದರೆ ಇನ್ನೂ ಒಳ್ಳೆಯದು.

ಸಂಜೆ ಹೊತ್ತು ಮಾಡುವ ತಪ್ಪು ಇನ್ನೊಂದಿದೆ. ದೂರ ಎಸೆಯಬೇಕು ಅಂತ ಸೊಂಟದವರೆಗೆ ನೀರಿಗೆ ಇಳಿಯುವುದು. ಕತ್ತಲಾದ ಮೇಲೆ ವಾಲ್‌ಐ ಮೊಣಕಾಲುದ್ದ ನೀರಿಗೂ ಬರುತ್ತದೆ. ನೀವು ಮೀನನ್ನು ತುಳಿದುಕೊಂಡು ಹೋಗಿ, ಮೀನಿಲ್ಲದ ಕಡೆ ಗಾಳ ಎಸೆಯುತ್ತೀರಿ. ಮೊದಲ ನಾಲ್ಕು ಎಸೆತ ದಡದಲ್ಲಿ ನಿಂತೇ ಆಗಲಿ, ದಡದ ಉದ್ದಕ್ಕೆ.

ಆಳ ಪರೀಕ್ಷೆಗೆ ಬೆಂಡನ್ನೇ ಬಳಸಿ. ಬೆಂಡು ಮಲಗಿದ್ದರೆ ಸೀಸ ತಳದಲ್ಲಿ ಕೂತಿದೆ, ಎರೆ ಹೂಳಲ್ಲಿ ಹೂತಿದೆ. ಬೆಂಡು ನೆಟ್ಟಗೆ ನಿಲ್ಲುವವರೆಗೆ ದಾರ ಕಡಿಮೆ ಮಾಡುತ್ತ ಬನ್ನಿ, ನಿಂತ ಮೇಲೆ ಇನ್ನೊಂದು ಗೇಣು ಕಡಿಮೆ ಮಾಡಿ. ತಳದಲ್ಲಿ ಕಳೆ ಇದ್ದರೆ ಕಳೆಯ ತಲೆಗಿಂತ ಒಂದು ಗೇಣು ಮೇಲೆ ಇರಲಿ. ಗಾಳ ಎಳೆದಾಗಲೆಲ್ಲ ಹಸಿರು ಎಳೆ ಸುತ್ತಿಕೊಂಡು ಬರುತ್ತಿದ್ದರೆ ಅಷ್ಟು ಹೊತ್ತೂ ನೀವು ಸೊಪ್ಪಿನ ಪಲ್ಯಕ್ಕೆ ಗಾಳ ಹಾಕಿದ್ದಿರಿ ಅಂತ ಅರ್ಥ.

ಜಿಗ್ ಹಾಕುವವರು, ಅಂದರೆ ತಲೆಯಲ್ಲಿ ಸೀಸದ ಗುಂಡಿರುವ ಗಾಳ ಬಳಸುವವರು, ತೂಕ ನೋಡಿಕೊಳ್ಳಿ. 7 ಗ್ರಾಂ ಜಿಗ್ ಆಳದ ನೀರಿಗೆ ಸರಿ. 6 ಅಡಿ ನೀರಲ್ಲಿ ಅದು ಕಲ್ಲು ಬಿದ್ದ ಹಾಗೆ ಬಿದ್ದು ಹೂಳಿಗೆ ಹೊಕ್ಕುತ್ತದೆ. 2 ಗ್ರಾಂ, ಗಾಳಿ ಇದ್ದರೆ 3.5 ಗ್ರಾಂ ಸಾಕು.

ಬೆಂಡು ಮುಳುಗುತ್ತದೆ, ಎಳೆದರೆ ಏನೂ ಇಲ್ಲ

ಇದು ಒಳ್ಳೆಯ ದೋಷ. ಮೀನು ಇದೆ, ಬಂದಿದೆ, ರುಚಿಯೂ ನೋಡಿದೆ. ಹೆಚ್ಚು ಜನ ಇಲ್ಲಿ ಬೇಜಾರಲ್ಲಿ ಹಳೇ ಎರೆಯನ್ನು ನೀರಿಗೆ ಎಸೆದು ಹೊಸದು ಸಿಕ್ಕಿಸುತ್ತಾರೆ. ಎಸೆಯಬೇಡಿ, ಸಾಕ್ಷಿ ಅದೇ.

ನನಗೆ ಇದನ್ನು ಕಲಿಸಿದ್ದು ದಡದಲ್ಲಿ ಪರಿಚಯವಾದ ಒಬ್ಬ ಮುದುಕರು. ನಾನು ಮೂರನೇ ಸಲ ಖಾಲಿ ಎಳೆದಾಗ ಎದ್ದು ಬಂದು, ನನ್ನ ಗಾಳದಲ್ಲಿ ನೇತಾಡುತ್ತಿದ್ದ ಸತ್ತ ಮಿನೋವನ್ನು ಅಂಗೈ ಮೇಲೆ ಇಟ್ಟುಕೊಂಡು ಹೆಡ್‌ಲ್ಯಾಂಪ್ ಬೆಳಕಲ್ಲಿ ತಿರುಗಿಸಿದರು. ಬಾಲದ ಕಡೆ ಎರಡೂ ಪಕ್ಕ ಹುರುಪೆ ಕಿತ್ತು ಹೋಗಿತ್ತು, ಮಧ್ಯೆ ಸೂಜಿ ಚುಚ್ಚಿದಂಥ ತೂತು. "ವಾಲ್‌ಐ. ಹಿಂದಿನಿಂದ ಹಿಡಿದಿದೆ. ನೀನು ಬೇಗ ಎಳೆದೆ" ಅಂದರು. ಅಷ್ಟೇ ಹೇಳಿ ಹೋಗಿ ತಮ್ಮ ಬಕೆಟ್ ಮೇಲೆ ಕೂತರು.

ಆಮೇಲೆ ನಾನೇ ನೋಡಿ ನೋಡಿ ಕಲಿತದ್ದು ಇಷ್ಟು. ಹುರುಪೆ ಕಿತ್ತು ತೂತು ಬಿದ್ದಿದ್ದರೆ ವಾಲ್‌ಐ ಅಡ್ಡ ಹಿಡಿದು ಬಿಟ್ಟಿದೆ. ಬೆಂಡು ಮುಳುಗಿದ ಮೇಲೆ ಮೂರು ಎಣಿಸಿ, ದಾರದ ಸಡಿಲು ಸುತ್ತಿಕೊಂಡು, ಭಾರ ಕೈಗೆ ಬಂದ ಮೇಲೆ ರಾಡ್ ಎತ್ತಿ. ಸಿನಿಮಾದಲ್ಲಿ ಕತ್ತಿ ಬೀಸುವ ಹಾಗೆ ಬೀಸಬೇಡಿ. ಎರೆಹುಳು ಅರ್ಧ ಮಾಯವಾಗಿ, ತುಂಡು ನೀಟಾಗಿ ಕಿತ್ತಂತಿದ್ದರೆ ಪರ್ಚ್. ನೀವು ಪೂರ್ತಿ ಹುಳು ತೂಗುಬಿಟ್ಟಿದ್ದೀರಿ, ಅದು ತುದಿಯಿಂದ ತಿನ್ನುತ್ತ ಬಂದಿದೆ. ಗಾಳ ಚಿಕ್ಕದು ಮಾಡಿ, 8 ನಂಬರ್ ಸಾಕು. ಹುಳದ ತುಂಡೂ ಗಾಳದಷ್ಟೇ ಇರಲಿ, ಬಾಲ ಬೇಡ. ಏನು ಮಾಡಿದರೂ ಪರ್ಚ್ ಕಿತ್ತು ತಿನ್ನುತ್ತದೆ ಅಂದರೆ ಜಿಗಣೆ ಹಾಕಿ. ಅದರ ಚರ್ಮ ರಬ್ಬರ್ ಹಾಗೆ, ಬೇಗ ಹರಿಯುವುದಿಲ್ಲ. ಒಂದೇ ತೊಂದರೆ, ನೀರು ತೀರಾ ತಣ್ಣಗಿದ್ದರೆ, ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ಜಿಗಣೆ ಮುದುಡಿ ಗೋಲಿಯಾಗುತ್ತದೆ. ಮೇ ತಿಂಗಳ ಮೊದಲ ವಾರಗಳಲ್ಲಿ ಮಿನೋನೇ ವಾಸಿ.

ಎರೆ ಹಾಗೇ ಇದೆ, ಗುರುತೂ ಇಲ್ಲ, ಆದರೂ ಬೆಂಡು ಮುಳುಗಿತು ಅಂದರೆ ಗಾಳದ ಮೊನೆ ಪರೀಕ್ಷಿಸಿ. ಹೆಬ್ಬೆರಳ ಉಗುರಿನ ಮೇಲೆ ಮೊನೆ ಇಟ್ಟು ಮೆಲ್ಲಗೆ ಎಳೆಯಿರಿ. ಕಚ್ಚಿಕೊಂಡು ನಿಂತರೆ ಚೂಪು. ಜಾರಿದರೆ ಮೊಂಡು, ಬಿಸಾಕಿ ಹೊಸದು ಕಟ್ಟಿ. ಕಲ್ಲಿನ ದಡದಲ್ಲಿ ಒಂದೇ ಸಂಜೆಗೆ ಮೊಂಡಾಗುತ್ತದೆ.

ಅಂದ ಹಾಗೆ ಬೆಂಡು ಯಾವಾಗಲೂ ಮುಳುಗಲೇಬೇಕು ಅಂತಿಲ್ಲ. ನೆಟ್ಟಗೆ ನಿಂತಿದ್ದದ್ದು ಸದ್ದಿಲ್ಲದೆ ಮಲಗಿದರೆ ಮೀನು ಎರೆಯನ್ನು ಬಾಯಲ್ಲಿಟ್ಟುಕೊಂಡು ಮೇಲೆ ಬಂದಿದೆ. ಅದೂ ಕಚ್ಚಿದ್ದೇ.

ದಾರ ತುಂಡಾಯಿತು

ತುದಿ ನೋಡಿ. ಕತ್ತರಿಯಲ್ಲಿ ಕತ್ತರಿಸಿದ ಹಾಗಿದ್ದರೆ ನಾರ್ದರ್ನ್ ಪೈಕ್ ಎಂಬ ಮೀನಿನ ಕೆಲಸ, ಅದರ ಹಲ್ಲು ಬ್ಲೇಡು. ಹಂದಿ ಬಾಲದ ಹಾಗೆ ಸುರುಳಿ ಸುತ್ತಿದ್ದರೆ ತಪ್ಪು ನಿಮ್ಮದೇ, ಗಂಟು ಜಾರಿದೆ. ಮುಂದಿನ ಸಲ ಗಂಟು ಬಿಗಿಯುವ ಮುಂಚೆ ಎಂಜಲು ಹಚ್ಚಿ ಒದ್ದೆ ಮಾಡಿ. ತುದಿ ಹಿಂಜಿದ ಹತ್ತಿಯ ಹಾಗಿದ್ದರೆ ಕಲ್ಲಿಗೆ ಉಜ್ಜಿದೆ, ಎರಡು ಮಾರು ದಾರ ಕತ್ತರಿಸಿ ಬಿಸಾಕಿ. ಪೈಕ್ ಕಾಟ ಅಂತ ತಂತಿ ಹಾಕಲು ಹೋಗಬೇಡಿ. ಪೈಕ್ ಕಾಟ ಕಡಿಮೆಯಾಗುತ್ತದೆ, ವಾಲ್‌ಐ ಕಚ್ಚುವುದೂ ಕಡಿಮೆಯಾಗುತ್ತದೆ. 6 ಪೌಂಡ್ ಭಾರ ತಡೆಯುವ ದಾರವೇ ಇರಲಿ, ಆಗಾಗ ಒಂದೊಂದು ಗಾಳ ಹೋಗುತ್ತದೆ, ಹೋಗಲಿ.

ಸಿಗುವುದೆಲ್ಲ ಬೆರಳುದ್ದ ಪರ್ಚ್

ಪರ್ಚ್ ಗಾತ್ರ ನೋಡಿಕೊಂಡು ಗುಂಪು ಕಟ್ಟುತ್ತದೆ. ಐದು ಇಂಚಿನ ಗುಂಪಿನಲ್ಲಿ ಹತ್ತು ಇಂಚಿನದು ಬರಲಿ ಅಂತ ಕಾಯುವುದು ಎಲ್‌ಕೆಜಿ ಕ್ಲಾಸಿನಲ್ಲಿ ಕಾಲೇಜು ಹುಡುಗರನ್ನು ಹುಡುಕಿದ ಹಾಗೆ. ಹದಿನೈದು ನಿಮಿಷ ನೋಡಿ, ಎಲ್ಲ ಒಂದೇ ಅಳತೆ ಅಂದರೆ ಎದ್ದು ಬಿಡಿ. ದೊಡ್ಡವು ಸಾಮಾನ್ಯವಾಗಿ ಕಳೆಯ ಹೊರ ಅಂಚಿನ ಆಚೆ, ಮೆತ್ತನೆ ಹೂಳಿನ ಬಯಲಲ್ಲಿ, ಹೂಳಿನೊಳಗಿನ ಹುಳ ಹೆಕ್ಕುತ್ತ ಓಡಾಡುತ್ತಿರುತ್ತವೆ. ಕೆರೆ ಪೂರ್ತಿ ಸಣ್ಣವೇ ಇದ್ದರೆ ಅದು ಕೆರೆಯ ಸಮಸ್ಯೆ. ತಿನ್ನುವ ದೊಡ್ಡ ಮೀನು ಕಡಿಮೆ, ಬಾಯಿ ಜಾಸ್ತಿ, ಊಟ ಹಂಚಿ ಹೋಗಿ ಯಾವುದೂ ಬೆಳೆಯುತ್ತಿಲ್ಲ. ನೀವು ಅಲ್ಲಿ ಮಾಡುವುದೇನೂ ಇಲ್ಲ.

ನಿನ್ನೆ ಕಚ್ಚಿತು, ಇವತ್ತು ಇಲ್ಲ

ರಾತ್ರಿ ಗುಡುಗು ಮಳೆ ಬಂದು ಬೆಳಗ್ಗೆ ಆಕಾಶ ತೊಳೆದಿಟ್ಟ ಹಾಗೆ ನೀಲಿಯಾಗಿದೆಯಾ, ವಾಯವ್ಯದಿಂದ ತಣ್ಣನೆ ಗಾಳಿ ಬರುತ್ತಿದೆಯಾ? ಹಾಗಿದ್ದರೆ ಮೀನು ಒಂದೆರಡು ದಿನ ಮಂಕಾಗಿರುತ್ತದೆ. ಎರೆ ಚಿಕ್ಕದು ಮಾಡಿ, ಕಳೆಯ ಒಳಗೇ ನಿಧಾನ ಇಳಿಸಿ. ಅಥವಾ ಮನೆಯಲ್ಲಿ ಬಾಕಿ ಇರುವ ಕೆಲಸ ಮಾಡಿ.

ಜುಲೈ, ಆಗಸ್ಟ್‌ನಲ್ಲಿ ಕಾರಣ ಬೇರೆ. ಆ ವರ್ಷ ಹುಟ್ಟಿದ ಪರ್ಚ್ ಮರಿ ಆಗ ಕೆರೆ ತುಂಬ ಇರುತ್ತದೆ. ಮದುವೆ ಊಟ ಮುಗಿಸಿ ಬಂದವರಿಗೆ ನೀವು ತಿಂಡಿ ಕೊಡಲು ಹೋಗುತ್ತಿದ್ದೀರಿ. ಈ ದೋಷಕ್ಕೆ ಪೂರ್ತಿ ಪರಿಹಾರ ನನಗೆ ಸಿಕ್ಕಿಲ್ಲ. ಕತ್ತಲಾದ ಮೇಲೆ ಹೋದರೆ ಸ್ವಲ್ಪ ವಾಸಿ, ಸೆಪ್ಟೆಂಬರ್‌ವರೆಗೆ ಕಾದರೆ ಇನ್ನೂ ವಾಸಿ.

ಗಾಳಿಯೇ ಇಲ್ಲದ ಬಿಸಿ ದಿನಗಳು ಸಾಲಾಗಿ ಬಂದು, ನೀರು ಬಟಾಣಿ ಸಾರಿನ ಹಾಗೆ ಆಗಿದ್ದರೆ ಆಮ್ಲಜನಕದ ತೊಂದರೆ ಬೇಸಿಗೆಯಲ್ಲೂ ಬರುತ್ತದೆ. ಪಾಚಿ ರಾತ್ರಿ ಆಮ್ಲಜನಕ ಕೊಡುವುದಿಲ್ಲ, ತಾನೇ ಬಳಸುತ್ತದೆ. ಬೆಳಗಿನ ಜಾವ ಅತಿ ಕಡಿಮೆ ಇರುತ್ತದೆ. ಗಾಳಿ ಎದ್ದು ನೀರು ಕಲಕುವವರೆಗೆ ಬೇರೆ ಕೆರೆ ನೋಡಿ. ನೀರ ಮೇಲೆ ಬಣ್ಣ ಚೆಲ್ಲಿದ ಹಾಗೆ ನೀಲಿ-ಹಸಿರು ಕೆನೆ ಕಟ್ಟಿದ್ದರೆ ಮಕ್ಕಳನ್ನೂ ನಾಯಿಯನ್ನೂ ನೀರಿಗೆ ಬಿಡಬೇಡಿ, ಅದರಲ್ಲಿ ವಿಷ ಇರಬಹುದು.

ಮಂಜುಗಡ್ಡೆ ಮೇಲೆ ಹೋದಾಗ

ನಡೆದು ಹೋಗಲು ಕನಿಷ್ಠ 4 ಇಂಚು ಗಟ್ಟಿ, ತಿಳಿ ಮಂಜುಗಡ್ಡೆ ಬೇಕು ಅಂತ ಇಲಾಖೆಯ ಮಾತು. ಗಾಳಿ ಊದುವ ಯಂತ್ರ ಇರುವ ಕೆರೆಯಲ್ಲಿ ಅದರ ಹತ್ತಿರ ಎಷ್ಟೇ ಚಳಿ ಇದ್ದರೂ ಹೋಗಬೇಡಿ, ಅಲ್ಲಿ ಮಂಜು ತೆಳ್ಳಗಿರುತ್ತದೆ. ಆಳವಿಲ್ಲದ ಕೆರೆಯಲ್ಲಿ ಚಳಿಗಾಲದ ಮುಖ್ಯ ದೋಷ ಸದ್ದು. ಕಾಲ ಕೆಳಗೆ ಆರೇ ಅಡಿಯಲ್ಲಿ ಮೀನಿದೆ, ನೀವು ಮೇಲೆ ಬಕೆಟ್ ಎಳೆದಾಡಿದರೆ ಕೇಳದೇ ಇರುತ್ತದಾ? ಬೇಕಾದ ತೂತುಗಳನ್ನೆಲ್ಲ ಹಗಲಲ್ಲೇ ಕೊರೆದಿಡಿ, ಸಂಜೆ ಸುಮ್ನೆ ಕೂರಿ. ಮಿನೆಸೋಟಾದಲ್ಲಿ ಮಂಜುಗಡ್ಡೆ ಮೇಲೆ ಒಬ್ಬರಿಗೆ ಎರಡು ದಾರ ಬಿಡಬಹುದು, ತೆರೆದ ನೀರಲ್ಲಿ ಒಂದೇ. ವಾಲ್‌ಐಗೆ ಫೆಬ್ರವರಿ ಕೊನೆಯಿಂದ ಮೇ ನಡುವಿನವರೆಗೆ ರಜೆ, ಪರ್ಚ್‌ಗೆ ವರ್ಷಪೂರ್ತಿ ಅವಕಾಶ. ದಿನಕ್ಕೆ ಎಷ್ಟು ಮೀನು ಅನ್ನುವ ಲೆಕ್ಕವನ್ನು ಮಾತ್ರ ಆ ವರ್ಷದ ನಿಯಮ ಪುಸ್ತಕದಲ್ಲೇ ನೋಡಿ, ನನ್ನ ಬಾಯಿಂದ ಕೇಳಬೇಡಿ.

ಸಿಕ್ಕಿತು, ಆದರೆ ಮಾಂಸದಲ್ಲಿ ಹಳದಿ ಕಾಳು

ಪರ್ಚ್ ಸೀಳಿದಾಗ ಒಳಗೆ ಅಕ್ಕಿಕಾಳಿನಂಥ ಹಳದಿ ಗುಳ್ಳೆ ಕಂಡು ನನ್ನ ಹೆಂಡತಿ ಇಡೀ ತಟ್ಟೆ ಕಸಕ್ಕೆ ಹಾಕಿದಳು. ಅದು ಯೆಲ್ಲೋ ಗ್ರಬ್. ಬಸವನಹುಳು, ಮೀನು, ಕೊಕ್ಕರೆ ಜಾತಿಯ ಹಕ್ಕಿ ಹೀಗೆ ಮೂರು ಮನೆ ಸುತ್ತುವ ಹುಳ. ಚರ್ಮದ ಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆ ಇದ್ದರೂ ಅಂಥದ್ದೇ. ಚೆನ್ನಾಗಿ ಬೇಯಿಸಿದರೆ ಏನೂ ಆಗುವುದಿಲ್ಲ. ಕಣ್ಣಿಗೆ ಸರಿಕಾಣದಿದ್ದರೆ ಚಾಕುವಿನ ತುದಿಯಿಂದ ತೆಗೆದು ಬಿಡಿ.

ಹೊರಡುವ ಮುಂಚೆ ದೋಣಿಯ ನೀರು, ಬಕೆಟ್ಟಿನ ನೀರು ಅಲ್ಲೇ ಪೂರ್ತಿ ಚೆಲ್ಲಿ. ಆ ಕೆರೆಯ ನೀರು ಇನ್ನೊಂದು ಕೆರೆಗೆ ಹೋಗಬಾರದು, ಅದು ಕಾನೂನು. ಉಳಿದ ಮಿನೋಗಳನ್ನು ಇಟ್ಟುಕೊಳ್ಳಬೇಕು ಅಂದರೆ ಮನೆಯಿಂದ ಒಂದು ಕ್ಯಾನ್ ನೀರು ತಂದಿರಬೇಕು. ಬೇಡದ ಎರೆ ಕೆರೆಗಲ್ಲ, ಕಸದ ಡಬ್ಬಕ್ಕೆ. ವಾಲ್‌ಐ ತುಂಡಿನಲ್ಲಿ ಪೈಕ್‌ನಲ್ಲಿ ಇರುವಂಥ ಕವಲು ಮುಳ್ಳು ಇರುವುದಿಲ್ಲ. ಖಾರ ಹಚ್ಚಿ, ಸಣ್ಣ ರವೆಯಲ್ಲಿ ಹೊರಳಿಸಿ ಕಾದ ಕಾವಲಿಗೆ ಹಾಕಿದರೆ ಮಕ್ಕಳಿಗೂ ಹೆದರದೆ ಕೊಡಬಹುದು. ನಮ್ಮ ಮನೆಯಲ್ಲಿ ಇದು ಆಗುವುದು ರಾತ್ರಿ ಹನ್ನೊಂದಕ್ಕೆ.